ಛತ್ರದ ಗೋಡೆಯ ಮೇಲಿನ ಮುಖ

ಪುರಾತತ್ವ ಇಲಾಖೆಯ ಮೋಹನ್‌ಬಾಬು ಛತ್ರದ ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಅವರ ಕಿವಿ ತಗುಲಿದ್ದು ಬಣ್ಣದಲ್ಲಿ ಬರೆದ ಮುದುಕಿಯೊಬ್ಬಳ ಗದ್ದಕ್ಕೆ. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೋಹನ್‌ಬಾಬು ಆಚೆ ಸರಿದು ಬಣ್ಣವಿಲ್ಲದ ಕಡೆಯೂ ತಟ್ಟಿ ನೋಡಿ, ಚೀಲದಿಂದ ಕಾಗದ ತೆಗೆದು ತನುಜಳ ಕೈಗಿಟ್ಟರು.

“ಏಳು ದಿನದೊಳಗೆ ಬಣ್ಣ ತೆಗೀಬೇಕು ಮೇಡಂ. ಈ ಛತ್ರ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಅನುಮತಿ ಇಲ್ದೆ ಒಂದು ಮೊಳೆ ಹೊಡೆಯೋ ಹಾಗಿಲ್ಲ.”

ತನುಜ ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಟೀಚರು. ಬೀದಿಯ ಯುವಕರ ಸಂಘದವರು ಬಣ್ಣ ತಂದುಕೊಟ್ಟು, ಛತ್ರದ ಗೋಡೆಗೆ ಚಿತ್ರ ಬರೆದುಕೊಡಲು ಕೇಳಿಕೊಂಡಿದ್ದರು. ಅನುಮತಿಯ ಮಾತು ಯಾರಿಗೂ ಹೊಳೆದಿರಲಿಲ್ಲ. ಹತ್ತೊಂಬತ್ತು ದಿನ ಶಾಲೆ ಮುಗಿಸಿ ಬಂದು, ಸಾರುವೆ ಹತ್ತಿ, ಐವತ್ತು ವರ್ಷ ರೇಷ್ಮೆ ನೂಲು ತೆಗೆದ ಅಕ್ಕಯ್ಯಮ್ಮನ ಮುಖವನ್ನು ಎರಡಾಳೆತ್ತರಕ್ಕೆ ಬರೆದಿದ್ದಳು. ಈಗ ಚಿಕ್ಕಬಳ್ಳಾಪುರದಿಂದಲೂ ಜನ ಬೈಕಿನಲ್ಲಿ ಬಂದು ಫೋಟೋ ತೆಗೆದುಕೊಳ್ಳುತ್ತಿದ್ದರು. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಗಣಿತದ ಹೋಂವರ್ಕ್ ಮುಗಿಸುತ್ತಿದ್ದ ಹುಡುಗಿಯರು “ಮಿಸ್, ಕಣ್ಣಿನ ಹೊಳಪು ಹೇಗೆ ತರೋದು?” ಎಂದು ಕೇಳತೊಡಗಿದ್ದರು.

ಸಂಘದ ಅಧ್ಯಕ್ಷ ಗಂಗರಾಜು ಮುಂದೆ ಬಂದ. “ಇಪ್ಪತ್ತು ವರ್ಷ ಇದೇ ಗೋಡೆಗೆ ಸಿನಿಮಾ ಪೋಸ್ಟರ್ ಮೆತ್ತಿದ್ರಲ್ಲ ಸಾರ್, ಆಗೆಲ್ಲಿ ಹೋಗಿತ್ತು ನಿಮ್ಮ ರೂಲ್ಸು? ನಮ್ಮೂರ ಹೆಣ್ಮಗಳು ಬರೆದಾಗ ನೆನಪಾಯ್ತಾ?”

“ನೀವು ಕೇಳೋದು ನ್ಯಾಯವೇ,” ಎಂದರು ಮೋಹನ್‌ಬಾಬು. “ಆಗ ಯಾರೂ ನೋಡ್ಲಿಲ್ಲ. ಆದ್ರೆ ಪೋಸ್ಟರ್ ಒಂದು ಮಳೆಗೆ ಕಿತ್ತು ಹೋಗತ್ತೆ. ಇದು ಹೋಗಲ್ಲ, ಅದೇ ತೊಂದ್ರೆ. ಈ ಗೋಡೆ ಸುಣ್ಣದ ಗಾರೆ. ನೆಲದಿಂದ ಏರಿದ ಪಸೆ ಇದರ ಮೈಯಿಂದ್ಲೇ ಆರಬೇಕು. ಈ ಬಣ್ಣ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಪಸೆ ಒಳಗೇ ನಿಂತು ಗಾರೆ ಉಬ್ಬತಾ ಇದೆ.”

ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ಅಕ್ಕಯ್ಯಮ್ಮನೇ ಬಂದಳು. ಎಪ್ಪತ್ತನಾಲ್ಕರ ಸಣಕಲು ಮೈ. ಯಾರನ್ನೂ ಏನೂ ಕೇಳದೆ, ತನ್ನದೇ ಚಿತ್ರದ ಗದ್ದದ ಬಳಿ ಎರಡು ಸಲ ತಟ್ಟಿದಳು. ಅವಳಪ್ಪ ಕೋನಪ್ಪ ಗಾರೆ ಕೆಲಸದವನು. ನೂಲಿನ ಕೆಲಸಕ್ಕೆ ಸೇರುವ ಮೊದಲು ಅವನ ಜೊತೆ ಸುಣ್ಣ ಅರೆದವಳು ಅವಳು.

“ಪೊಳ್ಳು,” ಎಂದಳು. “ಬಾಮ್ಮ ತನುಜಾ, ನೀನೂ ತಟ್ಟು.”

ತನುಜ ತಟ್ಟಿದಳು. ಒಳಗೆ ಖಾಲಿ ಡಬ್ಬಿ ಇದ್ದಂತೆ ಸದ್ದು ಬಂತು. ಹತ್ತೊಂಬತ್ತು ದಿನ ಈ ಗೋಡೆಗೆ ಮೈ ತಾಗಿಸಿಕೊಂಡೇ ನಿಂತಿದ್ದವಳಿಗೆ ಅದು ಕೇಳಿಸಿರಲಿಲ್ಲ.

“ನಾಳೆ ತಾಲ್ಲೂಕು ಆಫೀಸ್ ಮುಂದೆ ಧರಣಿ ಕೂರಣ,” ಎಂದು ಗಂಗರಾಜು ಕೂಗಿದ.

“ಕೂತ್ಕೊಳ್ಳಪ್ಪ, ಯಾರು ಬೇಡ ಅಂದ್ರು? ನೀನು ಕೂತು ಏಳೋ ಹೊತ್ಗೆ ಗೋಡೆ ಉದುರಿರತ್ತೆ.” ಅಕ್ಕಯ್ಯಮ್ಮ ತನುಜಳ ಕಡೆ ತಿರುಗಿ ದನಿ ಇಳಿಸಿದಳು. “ನನ್ನ ಮುಖ ಇನ್ನೊಂದು ಸಲ ಬರೀಬೋದು ಕಣಮ್ಮ. ಈ ಗಾರೆ ಅರೆಯೋರು ಈಗ ಯಾರಿದಾರೆ ಹೇಳು?”

ತನುಜ ಕೈಯಲ್ಲಿದ್ದ ನೋಟಿಸನ್ನು ನಾಲ್ಕಾಗಿ ಮಡಿಸಿದಳು. “ಸಾರುವೆ ಕಟ್ಟಿಸು ಗಂಗರಾಜು,” ಎಂದಳು.

ಬಣ್ಣ ತೆಗೆಯುವುದೂ ಸುಲಭವಿರಲಿಲ್ಲ. ಕಬ್ಬಿಣದ ಪಟ್ಟಿಯಿಂದ ಕೆರೆದರೆ ಬಣ್ಣದ ಜೊತೆ ಗಾರೆಯೂ ಬರುತ್ತದೆ, ತರಬೇತಾದವರು ಬೆಂಗಳೂರಿನಿಂದ ಬರಲು ತಿಂಗಳುಗಳೇ ಆಗಬಹುದು, ಅಲ್ಲಿಯವರೆಗೆ ಗಾರೆ ತಡೆಯದು ಎಂದರು ಮೋಹನ್‌ಬಾಬು. ಅಕ್ಕಯ್ಯಮ್ಮ ಎದುರಿನ ರೀಲಿಂಗ್ ಯೂನಿಟ್ಟಿಗೆ ಹೋಗಿ, ಅಲ್ಲಿ ರೇಷ್ಮೆ ನೂಲು ತೆಗೆಯುವ ಮುನಿಲಕ್ಷ್ಮಿಯನ್ನು ಕರೆದುಕೊಂಡು ಬಂದಳು. ಮುನಿಲಕ್ಷ್ಮಿಯ ಕೈಯಲ್ಲಿ ಹಬೆಯಾಡುವ ನೀರಿನ ಬಕೆಟ್ಟು. ಮುದುಕಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಚಿತ್ರದ ಒಂದು ಮೂಲೆಗೆ ಒತ್ತಿ ಹಿಡಿದಳು. ಆಮೇಲೆ ಬೆರಳ ತುದಿಯಿಂದ ಸವರಿ ಸವರಿ ಬಣ್ಣದ ಅಂಚು ಹುಡುಕಿದಳು. ಬೇಯುವ ರೇಷ್ಮೆಗೂಡಿನಲ್ಲಿ ಕಣ್ಣಿಗೂ ಕಾಣದ ಎಳೆಯ ತುದಿ ಹುಡುಕಿದ ಬೆರಳುಗಳವು. ಅಂಗೈಯಗಲದ ಬಣ್ಣ ಪೊರೆಯಂತೆ ಬಿಟ್ಟುಕೊಂಡು ಬಂತು.

ಮೋಹನ್‌ಬಾಬು ಭೂತಗನ್ನಡಿ ಹಿಡಿದು ನೋಡಿದರು. ಗಾರೆಗೆ ಗೀರೂ ಬಿದ್ದಿರಲಿಲ್ಲ. ದೂರ ಹೋಗಿ ಮೇಲಧಿಕಾರಿಯ ಜೊತೆ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ವಾಪಸು ಬಂದು, “ನೀರು ಸುರಿಯೋ ಹಾಗಿಲ್ಲ, ಹಿಂಡಿದ ಬಟ್ಟೆ ಮಾತ್ರ. ನಾನಿಲ್ದೆ ಯಾರೂ ಮುಟ್ಟೋ ಹಾಗಿಲ್ಲ,” ಎಂದು ಶರ್ಟಿನ ತೋಳು ಮಡಿಸಿದರು.

ಮೂರು ಸಂಜೆ ಕೆಲಸ ನಡೆಯಿತು. ಯೂನಿಟ್ಟಿನ ಏಳು ಜನ ಹೆಂಗಸರು ಕೆಲಸ ಬಿಟ್ಟವರೇ ನೇರ ಬರುತ್ತಿದ್ದರು. ಉಬ್ಬಿದ ಕಡೆ ಮಾತ್ರ ಮೋಹನ್‌ಬಾಬು ತಾವೇ ಅಂಗೈ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಮೊದಲ ದಿನವೇ ತನುಜಳ ಬೆರಳುಗಳು ಕೆಂಪಗೆ ಊದಿಕೊಂಡವು.

“ನೀವು ಬಟ್ಟೆ ಹಿಂಡ್ಕೊಡಿ ಮೇಡಂ, ಕೀಳೋದು ನಮಗೆ ಬಿಡಿ,” ಎಂದಳು ಮುನಿಲಕ್ಷ್ಮಿ.

ತನುಜ ಒಪ್ಪಿದಳು. ಆದರೆ ಕಣ್ಣುಗಳ ಸರದಿ ಬಂದಾಗ ತಾನೇ ಸಾರುವೆ ಹತ್ತಿದಳು. ಬಿಸಿಗೆ ತುಟಿ ಕಚ್ಚಿಕೊಂಡು ಬಲಗಣ್ಣು ಬಿಡಿಸಿದಳು, ಆಮೇಲೆ ಎಡಗಣ್ಣು. ಅಂಗೈಯಲ್ಲಿ ಬಾಡಿದ ಎಲೆಯಂತೆ ಮಲಗಿದ್ದ ಬಣ್ಣವನ್ನು ಒಂದು ಕ್ಷಣ ನೋಡಿ, ಉಳಿದ ಚೂರುಗಳ ಜೊತೆ ಬುಟ್ಟಿಗೆ ಹಾಕಿದಳು. ಬಣ್ಣ ಹೋದ ಕಡೆ ಗಾರೆ ಮೊಟ್ಟೆಯ ಸಿಪ್ಪೆಯಷ್ಟು ನುಣ್ಣಗಿತ್ತು. ಅವಳು ಅದರ ಮೇಲೆ ಕೈಯಾಡಿಸಿದಳು.

“ಇದನ್ನ ಹೇಗಜ್ಜಿ ಮಾಡ್ತಿದ್ರು?”

“ಸುಣ್ಣ ನೆನೆಹಾಕಿ, ಬೆಲ್ಲದ ನೀರು ಹಾಕಿ ಅರೀತಿದ್ವಿ. ಮೆತ್ತಿದ ಮೇಲೆ ಗುಂಡುಕಲ್ಲಲ್ಲಿ ತಿಕ್ಕೋದು. ನಮ್ಮಪ್ಪ ಬೆಳಿಗ್ಗೆ ಶುರು ಮಾಡಿದ್ರೆ ಹೊತ್ತು ಮುಳುಗೋವರೆಗೂ ತಿಕ್ತಿದ್ದ. ಗೋಡೇಲಿ ತನ್ನ ಮುಖ ಮಬ್ಬಾಗಾದ್ರೂ ಕಾಣ್ಬೇಕು ಅಂತಿದ್ದ.”

ಹೊರಡುವಾಗ ಮೋಹನ್‌ಬಾಬು ಯೂನಿಟ್ಟಿನ ಸಿಮೆಂಟ್ ಕಾಂಪೌಂಡಿನ ಕಡೆ ಕೈ ತೋರಿಸಿದರು. “ಅದು ಯಾವ ಪಟ್ಟಿಯಲ್ಲೂ ಇಲ್ಲ. ಓನರ್ ಒಪ್ಪಿದ್ರೆ ಸಾಕು. ಬರೆದಾಗ ಫೋನ್ ಮಾಡಿ ಮೇಡಂ, ನೋಟಿಸ್ ಇಲ್ದೆ ಬರ್ತೀನಿ.”

ಓನರು ಒಪ್ಪಿದ. ಭಾನುವಾರ ಬೆಳಿಗ್ಗೆ ತನುಜ ಇದ್ದಿಲು ಹಿಡಿದು ಬಂದಾಗ ಹೆಂಗಸರೆಲ್ಲ ಆಗಲೇ ಸೇರಿದ್ದರು. ಅಕ್ಕಯ್ಯಮ್ಮ ಮಾತ್ರ ಎದುರು ನಿಲ್ಲಲು ಒಪ್ಪಲಿಲ್ಲ. “ಪೋನಿ, ಹೋಗ್ಲಿ ಬಿಡಮ್ಮ, ನನ್ನ ಮುಖ ಊರೆಲ್ಲ ನೋಡಾಯ್ತು. ಇವರ ಕೈ ಬರಿ,” ಎಂದು ಮುನಿಲಕ್ಷ್ಮಿಯನ್ನು ಮುಂದೆ ತಳ್ಳಿದಳು.

ಮುನಿಲಕ್ಷ್ಮಿ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಉಗುರೆಲ್ಲ ಬೆಂದು ಹೋಗಿವೆ ಮೇಡಂ, ನೋಡೋ ಹಾಗಿಲ್ಲ.”

ತನುಜ ಇದ್ದಿಲ ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಾ ಕಾದಳು. ಯಾರೋ ತಂದುಕೊಟ್ಟ ಟೀ ಲೋಟವನ್ನು ಮುನಿಲಕ್ಷ್ಮಿ ಎಡಗೈಯಲ್ಲಿ ಹಿಡಿದುಕೊಂಡು, ಆಮೇಲೆ ಮೆಲ್ಲಗೆ ಬಲಗೈಯನ್ನು ಸೆರಗಿನಿಂದ ಹೊರತೆಗೆದು ಬಿಸಿಲಿಗೆ ಚಾಚಿದಳು. ತನುಜ ಗೋಡೆಯ ಮೇಲೆ ಇದ್ದಿಲಿನಲ್ಲಿ ಮೊದಲು ಆ ಕೈಯ ಹೆಬ್ಬೆರಳನ್ನು ಬರೆಯತೊಡಗಿದಳು. ಲೋಟದಲ್ಲಿ ಟೀ ತಣ್ಣಗಾಗಿ ಕೆನೆ ಕಟ್ಟಿತು. ಮುನಿಲಕ್ಷ್ಮಿ ಚಾಚಿದ ಕೈಯನ್ನು ಇಳಿಸಲಿಲ್ಲ.