ಎಂಡೋಸ್ಕೋಪಿಗೊಂದು ತಾರೀಖು

ಮುದ್ದುಕೃಷ್ಣ ಮಂಡ್ಯದ ಕಡೆಯವನು, ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದ ಮನುಷ್ಯ. ಅಂಥವನಿಗೆ ನವೆಂಬರ್ ತಿಂಗಳಲ್ಲಿ ತುತ್ತು ಎದೆಯ ನಡುವೆ ನಿಲ್ಲತೊಡಗಿತು. ಮೊದಲು ಚಪಾತಿ ತಡೆಯಿತು, ಆಮೇಲೆ ಮುದ್ದೆ, ಕೊನೆಗೆ ಮೊಸರನ್ನ ಕೂಡ. ಪ್ಯಾಂಟಿನ ಬೆಲ್ಟಿಗೆ ಹೊಸದಾಗಿ ಎರಡು ತೂತು ಬಿದ್ದವು.

ಅವರು ನೆಲೆಸಿದ್ದ ಕೊಲ್ಲಿ ದೇಶದಲ್ಲಿ ಹೆಂಡತಿ ಚೂಡಾಮಣಿ ಮುಶೈರಿಬ್ ಬಡಾವಣೆಯ ಕಚೇರಿಯೊಂದರಲ್ಲಿ ಎಚ್‌ಆರ್ ಕೆಲಸದಲ್ಲಿದ್ದಳು. ಊರವರ ವೀಸಾ, ರಜೆ, ಇನ್ಶೂರೆನ್ಸನ್ನೆಲ್ಲ ಹನ್ನೊಂದು ವರ್ಷದಿಂದ ಓಡಿಸಿದವಳಿಗೆ ಗಂಡನಿಗೊಂದು ತಾರೀಖು ಹಿಡಿಯುವುದು ಎಷ್ಟರ ಮಾತು? ಡಾಕ್ಟರು ಎಂಡೋಸ್ಕೋಪಿ ಮಾಡಿಸಲೇಬೇಕು ಎಂದರು. ಡಿಸೆಂಬರ್ ಹದಿನೇಳಕ್ಕೆ ತಾರೀಖೂ ಸಿಕ್ಕಿತು.

ಹದಿನಾರರ ಸಂಜೆ ಮುದ್ದುಕೃಷ್ಣ ಹಮದ್ ಬಂದರಿನ ಕೆಲಸ ಮುಗಿಸಿ ಬಂದವನೇ ಶೂ ಬಿಚ್ಚುತ್ತಾ, "ನಾಳೆ ಇಲ್ವಂತೆ ಕಣೇ. ಮುಂದಕ್ಕೆ ಹಾಕಿದಾರೆ" ಎಂದ.

ಅಲ್ಲಿಂದ ಶುರುವಾಯಿತು. ಮುಂದಿನ ತಾರೀಖು ಜನವರಿ ಕೊನೆಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಇನ್ಶೂರೆನ್ಸಿನ ಅಪ್ರೂವಲ್ ಅವಧಿ ಮುಗಿದಿತ್ತು. ಹೊಸ ಅಪ್ರೂವಲ್ ಬರುವಷ್ಟರಲ್ಲಿ ತಾರೀಖು ಬೇರೆಯವರ ಪಾಲಾಯಿತು. ಫೆಬ್ರವರಿಯಲ್ಲಿ ಮತ್ತೊಂದು ಸಿಕ್ಕಿ, ಖಾಲಿ ಹೊಟ್ಟೆಯಲ್ಲಿ ಹೋಗಿ, ಆಸ್ಪತ್ರೆಯ ಗೌನು ತೊಟ್ಟು ಮಲಗಿದ ಮೇಲೆ ನರ್ಸ್ ಕೇಳಿದಳು: "ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದ್ದೀರಲ್ಲ?" ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವನು ಆ ಮಾತ್ರೆಯನ್ನು ಹಿಂದಿನ ರಾತ್ರಿಯೂ ನುಂಗಿದ್ದ. ಐದು ದಿನ ಮೊದಲೇ ನಿಲ್ಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಗೌನು ಬಿಚ್ಚಿಸಿ ವಾಪಸು ಕಳಿಸಿದರು. ರಂಜಾನಿನಲ್ಲಿ ಕೆಲಸದ ವೇಳೆ ಕಡಿಮೆ, ಇನ್ನೇನಿದ್ದರೂ ಈದ್ ಕಳೆದ ಮೇಲೆ ಎಂದರು.

ಚೂಡಾಮಣಿ ದಿನವೂ ಊಟದ ವಿರಾಮದಲ್ಲಿ ಆಸ್ಪತ್ರೆಗೆ ಫೋನ್ ಹಚ್ಚುತ್ತಿದ್ದಳು. ಯಾರಾದರೂ ತಾರೀಖು ಬಿಟ್ಟುಕೊಟ್ಟರೆ ತಮಗೆ ಸಿಕ್ಕೀತೆಂಬ ಆಸೆ. ಒಂದು ಮಂಗಳವಾರ ಅತ್ತ ಕಡೆಯ ಹುಡುಗಿ ಹೆಸರು ಕೇಳಿ, "ನೀವು ಕನ್ನಡದವರಾ ಅಕ್ಕ? ನಾನು ಬೆನಿಟಾ, ಮಂಗಳೂರು" ಎಂದಳು.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಮೂರು ತಿಂಗಳಿಂದ ಇಂಗ್ಲಿಷಿನಲ್ಲಿ ಅದುಮಿಟ್ಟದ್ದೆಲ್ಲ ಹೊರಗೆ ಬಂತು. "ನೋಡಮ್ಮ, ನೀವು ಡಿಸೆಂಬರ್‌ನಲ್ಲಿ ಕ್ಯಾನ್ಸಲ್ ಮಾಡದೇ ಇದ್ದಿದ್ರೆ ನಮಗೆ ಈ ಗತಿ ಬರ್ತಿರ್ಲಿಲ್ಲ. ಮನುಷ್ಯ ನೀರು ಕುಡಿಯೋಕೂ ಹೆದರ್ತಿದಾರೆ. ನಿಮ್ಮನೇವ್ರಿಗೆ ಹಿಂಗಾಗಿದ್ರೆ ಸುಮ್ನಿರ್ತಿದ್ರಾ?"

ಬೆನಿಟಾ ಫೈಲು ತೆರೆದು ನೋಡಿದಳು. ಕೀಬೋರ್ಡಿನ ಸದ್ದು ಕೇಳಿಸುತ್ತಿತ್ತು.

"ಅಕ್ಕ, ಬೇಜಾರು ಮಾಡ್ಬೇಡಿ. ಡಿಸೆಂಬರಿಂದು ನಾವು ಕ್ಯಾನ್ಸಲ್ ಮಾಡಿದ್ದಲ್ಲ. ಪೇಷಂಟೇ ಫೋನ್ ಮಾಡಿ ಬೇಡ ಅಂತ ಹೇಳಿದ್ದಾರೆ. ಇಲ್ಲಿ ಬರ್ದದ್ದು ಉಂಟು, ಹದಿನಾರನೇ ತಾರೀಕು, ಮಧ್ಯಾಹ್ನ."

ಚೂಡಾಮಣಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮುದ್ದುಕೃಷ್ಣನ ಅಣ್ಣ ಇದೇ ಪರೀಕ್ಷೆಗೆ ಹೋಗಿ, ಆರು ತಿಂಗಳೊಳಗೆ ತೀರಿಕೊಂಡಿದ್ದ. 'ಪೈಪ್ ಇಳಿಸೋವರೆಗೂ ಗಟ್ಟಿಯಾಗೇ ಇದ್ದ' ಎಂದು ಗಂಡ ಆಗಾಗ ಹೇಳುತ್ತಿದ್ದುದು ನೆನಪಾಯಿತು. ಬಂದರಿನಲ್ಲಿ ಮುಗಿಲೆತ್ತರದ ಕ್ರೇನು ಹತ್ತಿ ರಿಪೇರಿ ಮಾಡುವವನು ಒಂದು ಪೈಪಿಗೆ ಹೆದರಿದ್ದ. ಅವಳು ಮಾತ್ರ ಮೂರು ತಿಂಗಳು ಕಂಡಕಂಡವರಿಗೆಲ್ಲ ಶಾಪ ಹಾಕಿದ್ದಳು.

"ಅಕ್ಕ, ಲೈನಲ್ಲಿದ್ದೀರಾ? ಮುಂದಿನ ಸೋಮವಾರ ಒಂದು ಖಾಲಿ ಆಗಿದೆ. ಹಾಕ್ಲಾ?"

"ಹಾಕಮ್ಮ" ಎಂದಳು.

ಸಂಜೆ ಮನೆಗೆ ಬಂದಾಗ ಅವನು ಅಡುಗೆಮನೆಯಲ್ಲಿ ನಿಂತು ಗಂಜಿಯನ್ನು ಟೀ ಜಾಲರಿಯಲ್ಲಿ ಸೋಸಿಕೊಳ್ಳುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅವಳ ಬಾಯಲ್ಲೇ ಉಳಿಯಿತು.

"ಸೋಮವಾರಕ್ಕೆ ಸಿಕ್ತು ರೀ. ಆ ಮಾತ್ರೆ ಇವತ್ತಿಂದ ಬೇಡ, ಡಾಕ್ಟರನ್ನ ಕೇಳಿದೀನಿ."

"ಹಬ್ಬ ಆದ್ಮೇಲೆ ಅಂದಿದ್ರಲ್ಲ?"

"ಯಾರೋ ಬಿಟ್ಕೊಟ್ರಂತೆ."

ಅವನು ಜಾಲರಿ ತೊಳೆಯುತ್ತಾ ನಿಂತ. "ಫೋನಲ್ಲಿ ಇನ್ನೇನಾದ್ರೂ ಹೇಳಿದ್ರಾ?"

"ಇಲ್ಲ" ಎಂದಳು ಚೂಡಾಮಣಿ.

ಸೋಮವಾರ ಪರೀಕ್ಷೆ ಆಯಿತು. ಒಳಗೆ ಹೋಗುವಾಗ ಅವನು ಅವಳ ಮಣಿಕಟ್ಟು ಹಿಡಿದುಕೊಂಡ, ನರ್ಸೇ ಬಿಡಿಸಬೇಕಾಯಿತು. ಹತ್ತು ದಿನದ ಮೇಲೆ ವರದಿ ಬಂತು. ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್. ಅಕ್ಕಪಕ್ಕದ ಗ್ರಂಥಿಗಳಿಗೂ ಹಬ್ಬಿರುವ ಹಾಗೆ ಕಾಣುತ್ತದೆ, ಇನ್ನೊಂದು ಸ್ಕ್ಯಾನ್ ಬೇಕು ಎಂದರು ಡಾಕ್ಟರು. ಆಮೇಲೆ ಕಂಪ್ಯೂಟರಿನತ್ತ ನೋಡಿ ಕೇಳಿದರು: "ಡಿಸೆಂಬರಿನಲ್ಲೇ ದಿನ ನಿಗದಿಯಾಗಿತ್ತಲ್ಲ. ಇಷ್ಟು ತಡ ಯಾಕಾಯಿತು?"

ಮುದ್ದುಕೃಷ್ಣ ತನ್ನ ಕೈಗಳನ್ನು ನೋಡಿಕೊಂಡ.

"ಇನ್ಶೂರೆನ್ಸ್ ಅಪ್ರೂವಲ್ ಸಿಗಲಿಲ್ಲ ಡಾಕ್ಟರ್" ಎಂದಳು ಚೂಡಾಮಣಿ.

ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆ ಅವನು ಮೆಲ್ಲಗೆ ಕೇಳಿದ. "ನಿಂಗೆ ಗೊತ್ತಿತ್ತು ಅಲ್ವಾ?"

"ಹೂಂ."

"ಯಾಕೆ ಬೈಲಿಲ್ಲ ಮತ್ತೆ?"

"ಬೈಯೋಕೇನು, ಮುಂದೆ ಬೇಕಾದಷ್ಟು ದಿನ ಇರುತ್ತೆ ಅನ್ಕೊಂಡಿದ್ದೆ" ಎಂದಳು. ಅಂದ ಮೇಲೆ ಆ ಮಾತಿನ ಭಾರ ಅವಳಿಗೇ ತಿಳಿದು, ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಅವನು ಅವಳ ಬೆನ್ನ ಮೇಲೆ ಕೈ ಇಟ್ಟ. ಆ ಕೈಗೆ ಈಗ ತೂಕವೇ ಇರಲಿಲ್ಲ.

ಅಷ್ಟರಲ್ಲಿ ಫೋನಿಗೆ ಮೆಸೇಜು ಬಂತು. ಸ್ಕ್ಯಾನಿಗೆ ತಾರೀಖು ಇಪ್ಪತ್ಮೂರು ದಿನದ ನಂತರ. ಅದಕ್ಕೂ ಮೊದಲು ಅಪ್ರೂವಲ್ ಆಗಬೇಕು. ಚೂಡಾಮಣಿ ಕಣ್ಣೊರೆಸಿಕೊಂಡು ಇನ್ಶೂರೆನ್ಸಿನವರ ನಂಬರು ಒತ್ತಿದಳು.

"ಕೊಡು, ನಾನೇ ಮಾತಾಡ್ತೀನಿ" ಎಂದ ಮುದ್ದುಕೃಷ್ಣ.

ತಮ್ಮ ಮುಂದೆ ಹದಿನಾಲ್ಕು ಜನ ಕಾಯುತ್ತಿದ್ದಾರೆಂದು ಫೋನಿನೊಳಗಿನ ಹೆಣ್ಣುದನಿ ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಿಟಕಿಯಾಚೆ ನೋಡುತ್ತಾ ಕುಳಿತ.