ಮೂವತ್ತೆರಡು ಹಲ್ಲು, ಎಂಟು ಕಣ್ಣು

"ಬಾಯಿ ಇನ್ನೂ ಸ್ವಲ್ಪ ದೊಡ್ಡದು ಮಾಡಿ... ಹಾಂ, ಹಾಗೇ ಇರಿ. ಉಸಿರಾಡಿ, ಅದಕ್ಕೇನೂ ಅಡ್ಡಿಯಿಲ್ಲ."

ಕುರ್ಚಿಯಲ್ಲಿ ಒರಗಿದ್ದ ಕಾಲೇಜು ಹುಡುಗಿ ಬಾಯಿ ಕಳೆದು ಚಾವಣಿ ನೋಡುತ್ತಿದ್ದಳು. ಸಿಸ್ಟರ್ ಕ್ಯಾಮೆರಾವನ್ನು ಅವಳ ಬಾಯಿಯ ಹತ್ತಿರ ತಂದು ಲೆನ್ಸಿನ ಉಂಗುರ ತಿರುಗಿಸಿದಳು. ಅದು ಅರ್ಧ ತಿರುಗಿ ಕರಕರ ಎಂದು ನಿಂತುಬಿಟ್ಟಿತು.

"ಯಾರದು ಹಲ್ಲು ಕಡೀತಿರೋದು?" ಎಂದು ಡಾಕ್ಟರಮ್ಮ ಕೈ ತೊಳೆಯುತ್ತಲೇ ಕೇಳಿದರು.

"ಲೆನ್ಸು ಮೇಡಂ. ತಿರುಗ್ತಾನೇ ಇಲ್ಲ."

"ಒಂಬತ್ತು ವರ್ಷ ದುಡೀತಲ್ಲ, ಇನ್ನೆಷ್ಟು ದುಡಿಸ್ತೀಯ ಅದನ್ನ? ಹೊಸದು ತಗೊಳ್ಳೋಣ. ಯಾವುದು ಒಳ್ಳೇದು ಅಂತ ನೀನೇ ನೋಡ್ಕೊಂಡು ಬಾ. ನನಗೆ ಹಲ್ಲು ಗೊತ್ತು, ಲೆನ್ಸು ಗೊತ್ತಿಲ್ಲ."

ಸಿಸ್ಟರ್ ನರ್ಸಿಂಗ್ ಓದಿದವಳೇನಲ್ಲ. ಹಲ್ಲಿನ ಕ್ಲಿನಿಕ್ಕಿಗೆ ಚೀಟಿ ಬರೆಯಲು ಸೇರಿ, ನೋಡಿ ನೋಡಿ ಕೆಲಸ ಕಲಿತವಳು. ಬಂದವರೆಲ್ಲ ಹಾಗೆ ಕರೆದೂ ಕರೆದೂ ಅದೇ ಹೆಸರು ಗಟ್ಟಿಯಾಗಿತ್ತು. ಡಾಕ್ಟರಮ್ಮನ ಮಾತು ಕೇಳಿ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅದರ ಬೆನ್ನಿಗೇ ಭಯವೂ ಆಯಿತು. ಎರಡಕ್ಕೂ ಕಾರಣ ಒಂದೇ.

ಶನಿವಾರ ಸಂಜೆ ಬ್ಯಾಟರಿ ಚಾರ್ಜ್ ಮಾಡುವ ನೆಪದಲ್ಲಿ ಕ್ಯಾಮೆರಾ ಅವಳ ಚೀಲ ಸೇರಿ ಮನೆಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ, ಬ್ಯಾಟರಿ ಸರಿಯಿದೆಯೇ ಎಂದು ಪರೀಕ್ಷಿಸಲು ಅಡುಗೆಮನೆಯ ಕಿಟಕಿಯಲ್ಲಿ ಹೋಗುತ್ತಿದ್ದ ಇರುವೆಯೊಂದರ ಫೋಟೋ ತೆಗೆದಿದ್ದಳು. ಇರುವೆಯ ಮುಖದ ತುಂಬ ಸಣ್ಣ ಸಣ್ಣ ಕೂದಲು! ನಲವತ್ತು ವರ್ಷ ಅದರ ಜೊತೆ ಸಕ್ಕರೆಗಾಗಿ ಜಗಳವಾಡಿ, ಒಂದು ದಿನವೂ ಮುಖ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅಂದಿನಿಂದ ಹಿಡಿದ ಹುಚ್ಚು. ಭಾನುವಾರ ಬೆಳಗಾದರೆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಮೊಣಕೈ ಊರಿ, ಹುಲ್ಲಿನ ಮಧ್ಯೆ ಬಿದ್ದಿರುತ್ತಿದ್ದಳು.

ಶಾಲೆಯ ವ್ಯಾನು ಓಡಿಸುವ ಅವಳ ಗಂಡ ಕಾಂಪೌಂಡಿನ ಆಚೆಯಿಂದ ರೇಗಿಸುತ್ತಿದ್ದ. "ವಾರವಿಡೀ ಜನರ ಬಾಯಿ, ಭಾನುವಾರ ಹುಳದ ಬಾಯಿ. ನಿನಗೆ ಬಾಯಿ ಬಿಟ್ರೆ ಬೇರೇನೂ ಕಾಣ್ಸಲ್ವಾ?"

"ಕಾಣ್ಸುತ್ತೆ ಕಣ್ರೀ. ಯಾವ ಬಾಯಿ ಮುಚ್ಚಿಸಬೇಕು ಅನ್ನೋದೂ ಕಾಣ್ಸುತ್ತೆ."

ಎಲ್ಲ ಸರಿ, ಡಾಕ್ಟರಮ್ಮನನ್ನು ಕೇಳಿರಲಿಲ್ಲ. ಮೊದಲ ವಾರ, ಸೋಮವಾರ ಹೇಳಿದರಾಯಿತು ಎಂದುಕೊಂಡಳು. ಸೋಮವಾರ ಜನ ಜಾಸ್ತಿ. ಹತ್ತು ಭಾನುವಾರ ಕಳೆದ ಮೇಲೆ ಯಾವ ಬಾಯಲ್ಲಿ ಕೇಳುವುದು? ಮೊದಲ ದಿನವೇ ಕೇಳದ ಮಾತು ದಿನ ಹೋದಂತೆ ಗಂಟಲಲ್ಲಿ ಗಟ್ಟಿಯಾಗುತ್ತದೆ. ತನ್ನದೇ ಒಂದು ಮೆಮೊರಿ ಕಾರ್ಡು ಕೊಂಡು, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು, ಶನಿವಾರ ಹಾಕಿ ಸೋಮವಾರ ತೆಗೆದು, ಕಳ್ಳತನವನ್ನು ಅಚ್ಚುಕಟ್ಟಾಗಿಯೇ ನಡೆಸಿಕೊಂಡು ಬಂದಿದ್ದಳು.

ಕ್ಯಾಮೆರಾ ಅಂಗಡಿಯಾತ ಕೆಟ್ಟ ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಉಂಗುರ ತಿರುಗಿಸಿದ. ಎರಡು ಸಲ ಆಲಿಸಿದ.

"ಮರಳು ಸೇರಿದೆ ಅಕ್ಕಾ. ಹಲ್ಲಿನ ಆಸ್ಪತ್ರೇಲಿ ಮರಳು ಎಲ್ಲಿಂದ ಬಂತು?"

ಅವಳ ಕಿವಿ ಬಿಸಿಯಾಯಿತು. ಮೊನ್ನೆ ಭಾನುವಾರ ಮರಳ ರಾಶಿಯಲ್ಲಿ ಗೂಡು ತೋಡುತ್ತಿದ್ದ ಕಣಜದ ಹುಳುವಿನ ಹಿಂದೆ ತೆವಳಿದ್ದು, ಅದು ಹಿಂಗಾಲಿನಿಂದ ಒದ್ದ ಮರಳು ಲೆನ್ಸಿನ ಮೇಲೆ ಬಿದ್ದದ್ದು, ತಾನು ಉಫ್ ಎಂದು ಊದಿ ಮುಂದುವರಿದದ್ದು ಕಣ್ಣ ಮುಂದೆ ಬಂತು. ಹೊಸ ಲೆನ್ಸುಗಳಿದ್ದ ಗಾಜಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದಳು.

ಅಂಗಡಿಯಾತ ಮೆತ್ತನೆಯ ಬಟ್ಟೆ ಹಾಸಿ ಸಣ್ಣದನ್ನು ದೊಡ್ಡದಾಗಿ ತೋರಿಸುವ ಎರಡು ಮ್ಯಾಕ್ರೋ ಲೆನ್ಸುಗಳನ್ನು ಇಟ್ಟ. ಒಂದು ಅರವತ್ತು ಮಿಲಿಮೀಟರಿನದು, ಮುಷ್ಟಿಯಷ್ಟು. ಇನ್ನೊಂದು ನೂರೈವತ್ತರದು, ನೀರಿನ ಬಾಟಲಿಯಷ್ಟು.

"ಎರಡರಲ್ಲೂ ಇರುವೆ ಅಷ್ಟೇ ದೊಡ್ಡದು ಕಾಣುತ್ತೆ. ವ್ಯತ್ಯಾಸ ಇರೋದು ದೂರದಲ್ಲಿ. ಅರವತ್ತಾದ್ರೆ ನಾಲ್ಕು ಬೆರಳಷ್ಟು ಹತ್ತಿರ ಹೋಗ್ಬೇಕು. ನೂರೈವತ್ತಾದ್ರೆ ಗೇಣು ದೂರದಿಂದ್ಲೇ ತೆಗೀಬಹುದು, ಹುಳಕ್ಕೆ ಗೊತ್ತೇ ಆಗಲ್ಲ. ನಿಮಗೆ ಯಾತಕ್ಕೆ ಬೇಕು?"

"ಹಲ್ಲಿಗೆ."

"ಹಲ್ಲೇನು ಹಾರಿಹೋಗುತ್ತಾ? ಅರವತ್ತು ಧಾರಾಳ ಸಾಕು."

ಅವಳ ಕೈ ಮಾತ್ರ ನೂರೈವತ್ತರ ಮೇಲೆಯೇ ಇತ್ತು. ಎರಡು ವರ್ಷದಲ್ಲಿ ಹತ್ತಿರ ಹೋದಾಗಲೆಲ್ಲ ಹಾರಿಹೋದ ಚಿಟ್ಟೆಗಳು, ಎಲೆಯ ಹಿಂದೆ ಸರಿದ ಮಿಡತೆಗಳು ಎಲ್ಲವೂ ಆ ಗೇಣು ದೂರದಲ್ಲಿ ಸಾಲಾಗಿ ಬಂದು ಕುಳಿತಂತೆ ಅನ್ನಿಸಿತು. ಅಂಗಡಿಯಾತ ಅವಳ ಕೈಯನ್ನೂ ಮುಖವನ್ನೂ ನೋಡಿ, "ಎರಡನ್ನೂ ತಗೊಂಡು ಹೋಗಿ. ನಾಳೆ ಸಂಜೆ ಒಂದನ್ನ ವಾಪಸ್ ಕೊಡಿ," ಎಂದ. ತುಟಿ ಎತ್ತಿ ಕೋರೆ ಹಲ್ಲು ತೋರಿಸಿದ. "ಇದು ನಿಮ್ಮ ಡಾಕ್ಟರಮ್ಮ ಕಟ್ಟಿದ್ದು. ಅವರ ಕ್ಲಿನಿಕ್ಕಿಗೆ ನಂಬಿ ಕೊಡದೆ ಇರ್ತೀನಾ?"

ಮರುದಿನ ಬೆಳಿಗ್ಗೆ ಮೊದಲು ನೂರೈವತ್ತನ್ನೇ ಹಾಕಿದಳು. ಹಲ್ಲಿನ ಫೋಟೋ ಚೆನ್ನಾಗಿಯೇ ಬಂತು. ಆದರೆ ದಾಖಲೆಗೆ ರೋಗಿಯ ನಗುವ ಮುಖವೂ ಪೂರ್ತಿ ಬರಬೇಕಲ್ಲ! ಹಿಂದೆ ಸರಿದಳು, ಬೆನ್ನು ಬಾಗಿಲಿಗೆ ತಾಗಿತು. ಬಾಗಿಲು ತೆರೆದು ಇನ್ನೂ ಹಿಂದೆ ಸರಿದು, ಜನ ಕಾಯುವ ಕೋಣೆಗೇ ಬಂದುಬಿಟ್ಟಳು. ಮಧ್ಯಾಹ್ನದ ಸರದಿಗೆ ಚೀಟಿ ಬರೆಸಲು ಬಂದಿದ್ದ ಬಡಗಿಯೊಬ್ಬ ಕೆನ್ನೆ ಹಿಡಿದುಕೊಂಡೇ, "ಸಿಸ್ಟರ್, ಇನ್ನೆರಡು ಹೆಜ್ಜೆ ಹೋದ್ರೆ ಬಸ್ ಸ್ಟಾಪ್ ಬರುತ್ತೆ," ಎಂದ.

ಅರವತ್ತರಲ್ಲಿ ಆ ರಗಳೆಯೇ ಇರಲಿಲ್ಲ. ಕುರ್ಚಿಯ ಪಕ್ಕದಿಂದಲೇ ಹಲ್ಲೂ ಬಂತು, ಮುಖವೂ ಬಂತು. ಈ ಪುಟ್ಟ ಕೋಣೆಗೆ ಅರವತ್ತೇ ಸರಿ ಎನ್ನುವುದು ಕುರುಡನಿಗೂ ತಿಳಿಯುವಂತಿತ್ತು. ಆದರೆ ನೋಡಬೇಕಾದ ಡಾಕ್ಟರಮ್ಮ ನೋಡುತ್ತಿರಲಿಲ್ಲ, ಅವಳನ್ನೇ ನಂಬಿ ಕೂತಿದ್ದರು. 'ನೂರೈವತ್ತೇ ಒಳ್ಳೇದು ಮೇಡಂ' ಎಂದರೆ ಸಾಕು, ಮರುಮಾತಿಲ್ಲದೆ ಅದೇ ಬರುತ್ತಿತ್ತು. ಆ ಒಂದು ಮಾತು ಅವಳ ನಾಲಗೆಯ ತುದಿಯಲ್ಲಿ ಊಟದ ಹೊತ್ತಿನವರೆಗೂ ಕೂತಿತ್ತು.

ಊಟ ಮುಗಿಸಿ ಕ್ಲಿನಿಕ್ಕಿನ ಹಿಂದಕ್ಕೆ ಹೋದಳು. ಪೈಪಿನಿಂದ ನೀರು ತೊಟ್ಟಿಕ್ಕಿ ಗೋಡೆ ಪಾಚಿಗಟ್ಟಿತ್ತು. ಅಲ್ಲಿ ಬಲೆ ಕಟ್ಟದೆ ಜಿಗಿದು ಬೇಟೆಯಾಡುವ ಪುಟ್ಟ ಜೇಡವೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ನೂರೈವತ್ತು ಅಂಗಡಿಯಾತ ಹೇಳಿದ ಹಾಗೆಯೇ ಇತ್ತು. ಜೇಡ ಕದಲಲಿಲ್ಲ, ಒಂದರ ಮೇಲೊಂದು ಫೋಟೋ ಬಂತು. ಅರವತ್ತು ಹಾಕಿ ಹತ್ತಿರ ಹೋದಳು. ನೆರಳು ಬಿದ್ದದ್ದೇ ತಡ ಜಿಗಿಯಿತು. ಮತ್ತೆ ಹೋದಳು, ಮತ್ತೆ ಜಿಗಿಯಿತು. ಮೂರನೆಯ ಸಲ ಗೋಡೆಯ ಬಿರುಕಿಗೇ ಸೇರಿಕೊಂಡಿತು.

ಆಗ ಅವಳಿಗೆ ಇಂಜೆಕ್ಷನ್ ನೆನಪಾಯಿತು. ಡಾಕ್ಟರಮ್ಮ ರೋಗಿಯ ಬಾಯಿಂದ ಕಣ್ಣು ತೆಗೆಯದೆ ಕೈಯನ್ನು ಹಿಂದಕ್ಕೆ ಚಾಚುತ್ತಾರೆ, ಏನೂ ಹೇಳುವುದಿಲ್ಲ. ಇವಳು ಸಿರಿಂಜನ್ನು ಎತ್ತಿ ತೋರಿಸದೆ, ರೋಗಿಯ ಗದ್ದದ ಕೆಳಗಿನಿಂದ, ಅವಸರ ಮಾಡದೆ ತಂದು ಆ ಅಂಗೈಯಲ್ಲಿಡುತ್ತಾಳೆ. ಒಂಬತ್ತು ವರ್ಷದಲ್ಲಿ ಒಬ್ಬ ರೋಗಿಯೂ ಸೂಜಿ ನೋಡಿ ಹೆದರಿದ್ದಿಲ್ಲ. ಸಿಸ್ಟರ್ ಗೋಡೆಗೆ ಭುಜ ಒರಗಿಸಿ, ಕ್ಯಾಮೆರಾವನ್ನು ಕೆಳಗಿನಿಂದ, ಬಿಸಿಲಿಗೆ ಅಡ್ಡ ಬಾರದಂತೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲಕ್ಕೆ ತಂದಳು. ಜೇಡ ಬಿರುಕಿನಿಂದ ಹೊರಬಂತು. ತಿರುಗಿ ನಿಂತು, ತನ್ನ ಎಂಟು ಕಣ್ಣುಗಳಲ್ಲಿ ಮುಂದಿನ ನಾಲ್ಕನ್ನೂ ಲೆನ್ಸಿಗೆ ನೆಟ್ಟು, ಫೋಟೋ ಸ್ಟುಡಿಯೋಗೆ ಬಂದವರಂತೆ ಕೂತಿತು. ಒತ್ತಿದಳು. ಅಷ್ಟರಲ್ಲಿ ಮುಂಬಾಗಿಲ ಗಂಟೆ ಸದ್ದು ಮಾಡಿತು. ಒಳಗೆ ಓಡಿದಳು.

ಫೋಟೋ ತೆಗೆಯುವ ಭರದಲ್ಲಿ ಮರೆತದ್ದು ಒಂದೇ ಒಂದು. ಅವಳ ಸ್ವಂತ ಕಾರ್ಡು ಕನ್ನಡಕದ ಡಬ್ಬಿಯಲ್ಲೇ ಇತ್ತು, ಜೇಡ ಕ್ಲಿನಿಕ್ಕಿನ ಕಾರ್ಡಿನಲ್ಲಿ ಕೂತಿತ್ತು.

ಬಂದವನು ಬಡಗಿ. ಸಿಸ್ಟರ್ ಅವನ ಬಾಯಿಯ ಎರಡು ಫೋಟೋ ತೆಗೆದಳು. ಡಾಕ್ಟರಮ್ಮ ಕಾರ್ಡನ್ನು ಕುರ್ಚಿಯ ಮುಂದಿನ ಪರದೆಗೆ ಹಾಕಿಸಿ, ಎಂದಿನಂತೆ ವಿವರಿಸಲು ಶುರುಮಾಡಿದರು.

"ನೋಡಿ, ಇದು ನಿಮ್ಮ ಕೆಳದವಡೆ. ಆ ಕಪ್ಪಗಿರೋದು ಹುಳುಕು. ಈಗ ಇನ್ನೂ ಹತ್ತಿರದಿಂದ ತೋರಿಸ್ತೀನಿ," ಎಂದು ಗುಂಡಿ ಒತ್ತಿದರು. ಒತ್ತಿದ್ದು ಮುಂದಕ್ಕಲ್ಲ, ಹಿಂದಕ್ಕೆ.

ಪರದೆಯ ತುಂಬ ಜೇಡ. ಕೆಂಬಣ್ಣದ ಕೂದಲು, ಟಾರ್ಚಿನಂಥ ಕಣ್ಣುಗಳು, ಕೆಳಗೆ ಹಸಿರಾಗಿ ಹೊಳೆಯುವ ಕೋರೆ.

ಬಡಗಿ ಎಂಜಲೆಳೆಯುವ ಪೈಪನ್ನೂ ಕಿತ್ತುಕೊಂಡು ಎದ್ದು ಕೂತ. "ಅಯ್ಯಯ್ಯೋ! ಹಲ್ಲಿಗೆ ಹುಳ ಹತ್ತಿದೆ ಅಂತ ನಮ್ಮಮ್ಮ ಹೇಳ್ತಾನೇ ಇದ್ಲು. ಇದೇನಾ ಅದು? ಇಪ್ಪತ್ತೆಂಟು ವರ್ಷ ಮರದ ಹುಳ ನೋಡಿದೀನಿ ಡಾಕ್ಟ್ರೇ, ಇಂಥದ್ದನ್ನ ನೋಡಿಲ್ಲ!"

ಅವನಿಗೆ ಸಮಾಧಾನ ಹೇಳಿ, ಹಲ್ಲಿಗೆ ಹುಳ ಹತ್ತುವುದೇ ಇಲ್ಲವೆಂದು ನಂಬಿಸಿ, ಮರಗಟ್ಟಿಸಿ, ಹುಳುಕು ತೆಗೆದು, ತುಂಬಿ ಕಳಿಸಲು ಒಂದು ಗಂಟೆಯಾಯಿತು. ಆ ಒಂದು ಗಂಟೆಯೂ ಡಾಕ್ಟರಮ್ಮ ಕೈ ಚಾಚುತ್ತಿದ್ದರು, ಸಿಸ್ಟರ್ ಕೊಡುತ್ತಿದ್ದಳು. ಬಡಗಿ ಹೋದ ಮೇಲೆ ಡಾಕ್ಟರಮ್ಮ ಕೈಗವಸು ಕಳಚಿದರು.

"ಈಗ ಹೇಳು."

ಸಿಸ್ಟರ್ ಹೇಳಿದಳು. ಶನಿವಾರದ ಚೀಲ, ಭಾನುವಾರದ ಹುಲ್ಲು, ಬೇರೆ ಕಾರ್ಡು, ಕಣಜ, ಮರಳು ಎಲ್ಲವನ್ನೂ. "ಆ ಲೆನ್ಸು ಹಳೇದಾಗಿ ಕೆಡಲಿಲ್ಲ ಮೇಡಂ. ನಾನೇ ಕೆಡಿಸಿದ್ದು," ಎಂದಳು. ಕೆಲಸ ಹೋದರೂ ಹೋಗಲಿ, ಇವರ ಕಣ್ಣಲ್ಲಿ ಚಿಕ್ಕವಳಾದೆನಲ್ಲ ಎಂದು ಅಳು ಬಂತು.

"ಎರಡು ವರ್ಷ! ಒಂದು ಮಾತು ಕೇಳಿದ್ರೆ ಬೇಡ ಅಂತಿದ್ನಾ?"

ಸಿಸ್ಟರ್ ಮೂಗು ಒರೆಸಿಕೊಂಡಳು. "ಅಂತಿದ್ರಿ ಮೇಡಂ."

ಡಾಕ್ಟರಮ್ಮ ಕೈಗವಸನ್ನು ಬುಟ್ಟಿಗೆ ಎಸೆದರು. "ಹೌದು, ಅಂತಿದ್ದೆ," ಎಂದು ಒಪ್ಪಿಕೊಂಡರು. ಆಮೇಲೆ ಪರದೆಯ ಮುಂದೆ ಸ್ಟೂಲು ಎಳೆದು ಕೂತರು. ಜೇಡ ಮತ್ತೆ ಬಂತು. ಕೋರೆಯ ಜಾಗವನ್ನು ದೊಡ್ಡದು ಮಾಡಿ, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಒಂದು ಹುಳುಕಿಲ್ಲ, ಒಂದು ಕಲೆಯಿಲ್ಲ. ಉಜ್ಜದೇನೇ! ಇದನ್ನ ಯಾವ ಲೆನ್ಸಲ್ಲಿ ತೆಗೆದೆ?"

"ಚಿಕ್ಕದರಲ್ಲಿ. ಅರವತ್ತು."

"ಇಷ್ಟು ಹತ್ತಿರ ಹೋದ್ರೂ ಓಡಲಿಲ್ವಾ?"

"ನಿಮಗೆ ಸಿರಿಂಜು ಹೇಗೆ ಕೊಡ್ತೀನೋ ಹಾಗೇ ಹೋದೆ ಮೇಡಂ."

ಡಾಕ್ಟರಮ್ಮ ತಿರುಗಿ ಅವಳನ್ನು ನೋಡಿದರು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಸರಿ, ಎರಡರಲ್ಲಿ ಯಾವುದು ತಗೊಳ್ಳೋಣ? ನಿಜ ಹೇಳು."

ನಾಲಗೆಯ ತುದಿಯಲ್ಲಿದ್ದ ಮಾತು ಒಮ್ಮೆ ಕದಲಿತು. ಸಿಸ್ಟರ್ ಅದನ್ನು ನುಂಗಿಕೊಂಡಳು. "ನನಗಾದ್ರೆ ನೂರೈವತ್ತು. ಕ್ಲಿನಿಕ್ಕಿಗೆ ಅರವತ್ತು."

"ಹಾಗಾದ್ರೆ ಅರವತ್ತೇ," ಎಂದು ಡಾಕ್ಟರಮ್ಮ ಎದ್ದರು. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದರು. "ಶನಿವಾರ ಎಂದಿನ ಹಾಗೆ ಚಾರ್ಜ್ ಮಾಡೋಕೆ ತಗೊಂಡು ಹೋಗು. ಇನ್ನೊಂದು ಸಲ ಮರಳು ತಂದೆಯೋ, ನಿನ್ನ ಹಲ್ಲು ಮರಗಟ್ಟಿಸದೇ ಕೀಳ್ತೀನಿ. ಮತ್ತೆ, ಆ ಸೈಟು ಎಲ್ಲಿದೆ ಅಂತ ಬರೆದಿಡು."

ಸಂಜೆ ನೂರೈವತ್ತನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಟ್ಟು ಬಂದಳು. ಹಲ್ಲು ಕಿತ್ತ ಮೇಲೆ ನಾಲಗೆ ಆ ಖಾಲಿ ಜಾಗಕ್ಕೇ ಹೋಗುವಂತೆ ಮನಸ್ಸು ದಾರಿಯುದ್ದಕ್ಕೂ ಅದರ ಕಡೆಗೇ ಹೋಗುತ್ತಿತ್ತು. ಆದರೂ ಅಂದು ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಭಾನುವಾರ ಎಂಟು ಗಂಟೆಗೆ ಡಾಕ್ಟರಮ್ಮ ದೊಡ್ಡ ಟೋಪಿ ಹಾಕಿಕೊಂಡು, ಚೀಲ ಹಿಡಿದು, ಸೈಟಿನ ಬೇಲಿ ದಾಟಿ ಬಂದರು. ಗಂಡ ಎರಡು ಲೋಟ ಟೀ ತಂದುಕೊಟ್ಟು, "ಬಾಯಿ ನೋಡೋರು ಇಬ್ಬರಾದ್ರು, ನಾನಿನ್ನು ಬಾಯಿ ಮುಚ್ಕೋತೀನಿ," ಎಂದು ಒಳಗೆ ಹೋದ.

ಸಿಸ್ಟರ್ ಹಳೆಯ ಚೀಲದ ತುಂಡೊಂದನ್ನು ಹಾಸಿ ಅದರ ಮೇಲೆ ಬಗ್ಗಿದ್ದಳು. ಎಲೆಯೊಂದರ ಅಡಿಯಲ್ಲಿ ಹಸಿರು ಕಂಬಳಿಹುಳ ಅಂಚನ್ನು ಕಚ್ಚುತ್ತ ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ ತಿನ್ನುತ್ತಿತ್ತು. ಡಾಕ್ಟರಮ್ಮ ಅವಳ ಹಿಂದೆ, ಜೀವನದಲ್ಲಿ ಮೊದಲ ಸಲ ಹುಲ್ಲಿನಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು ಕೂತಿದ್ದರು. ಲೆನ್ಸು ಕೆಳಗಿನಿಂದ ನಿಧಾನವಾಗಿ ಏರಿತು. ನಾಲ್ಕು ಬೆರಳು ದೂರ. ಆದರೆ ಎಲೆಯ ಅಡಿಯಲ್ಲಿ ಬೆಳಕು ಸಾಲದು, ಹುಳದ ಬಾಯಿ ಕತ್ತಲಲ್ಲಿತ್ತು.

ಸಿಸ್ಟರ್ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಏನೂ ಹೇಳದೆ ಎಡಗೈಯನ್ನು ಹಿಂದಕ್ಕೆ ಚಾಚಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಿಂದೆ ಚೀಲದ ಜಿಪ್ಪು ಸದ್ದಿಲ್ಲದೆ ಸರಿಯಿತು. ಮೇಲೆತ್ತದೆ, ನೆರಳು ಬೀಳಿಸದೆ, ಹುಲ್ಲಿನ ಮಟ್ಟದಲ್ಲೇ ಬಂದ ಹಲ್ಲಿನ ಹಿಂಬದಿ ನೋಡುವ, ಹಿಡಿಕೆಯ ಪುಟ್ಟ ಕನ್ನಡಿ ಅವಳ ಅಂಗೈಯಲ್ಲಿ ಕೂತಿತು. ಅವಳು ಅದನ್ನು ಓರೆ ಮಾಡಿದಳು. ಎಲೆಯ ಅಡಿಗೆ ಬಿಸಿಲು ಬಿತ್ತು. ಹುಳ ತಿನ್ನುತ್ತಲೇ ಇತ್ತು.