ಬೆಚ್ಚಗಿದ್ದ ಡಬ್ಬಿ

"ಕಾಕಾ, ಹಸರ ದೀಪ ಹತ್ತೇತೇನ್ ನೋಡ್ರಿ," ಎಂದು ಉಮಾಶ್ರೀ ಮೇಜಿನ ಕೆಳಗಿನಿಂದ ಕೇಳಿದಳು.

ಯಮನಪ್ಪ ಚಹಾದ ಕೆಟಲಿಯನ್ನು ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದ. "ಹತ್ತೇತವ್ವ. ಮಿಣಕ್ ಮಿಣಕ್ ಅನ್ನಾಕತ್ತೇತಿ."

"ಹಂಗಾದ್ರ ವಾಯರ್ ನೆಟ್ಟಗೈತಿ." ಅವಳು ಮೊಳಕಾಲಿಗೆ ಹತ್ತಿದ ಧೂಳು ಝಾಡಿಸುತ್ತ ಎದ್ದಳು. "ವಾಯರ್ ನೆಟ್ಟಗೈತಿ, ಪ್ರಿಂಟರ್ ನೆಟ್ಟಗೈತಿ. ಆದ್ರ ಒಂದ ಪೇಜೂ ತೆರಿಯೂದಿಲ್ಲ ಅಂತೇತಿ."

"ದಸರಾ ಹಬ್ಬದ ರಜಾ ತಿಂದು ಜಡ್ಡಗಟ್ಟ್ಯಾವು," ಎಂದಳು ಕೌಂಟರಿನ ಆಚೆ ಬೆಂಚಿನ ಮೇಲೆ ಕುಳಿತಿದ್ದ ಬಾಯವ್ವ. "ನಮ್ಮ ಎತ್ತೂ ಹಿಂಗ ಮಾಡತಾವು. ಎರಡ ದಿನಾ ಕಟ್ಟಿ ಹಾಕಿದ್ರ ಮೂರನೇ ದಿನಾ ನೊಗಕ್ಕ ಬರಾಂಗಿಲ್ಲ."

ಬಾಯವ್ವ ಚಚಡಿಯಿಂದ ಬಂದವಳು. ಹಿಂಗಾರಿಗೆ ಕಡಲೆ ಬೀಜ ಬೆಳೆಯುವವರ ಯಾದಿಯಲ್ಲಿ ಹೆಸರು ಹಚ್ಚಿಸಬೇಕಾಗಿತ್ತು. ಶುಕ್ರವಾರ ಒಮ್ಮೆ ಬಂದು ಹೋಗಿದ್ದಳು. ಈ ಸೋಮವಾರ ಮತ್ತೆ ಬಂದು, ಹೆಸರು ಹತ್ತುವ ತನಕ ಏಳುವುದಿಲ್ಲವೆಂದು ಬುತ್ತಿ ಬಿಚ್ಚಿಕೊಂಡು ಕುಳಿತುಬಿಟ್ಟಿದ್ದಳು.

ಯರಗಟ್ಟಿಯ ಬೀಜ ಬೆಳೆಗಾರರ ಸಂಘದ ಕಚೇರಿ ಎಂದರೆ ಒಂದು ದೊಡ್ಡ ಕೋಣೆ, ಒಂದು ಸಾಮಾನಿನ ಕೋಣೆ, ಐದು ಕಂಪ್ಯೂಟರು, ಮೂರು ಜನ. ಕಾರ್ಯದರ್ಶಿ ದಿಗಂಬರರಾಯರು. ಅವರ ಅಜ್ಜ ಪಂಚಾಂಗ ಹೇಳುತ್ತಿದ್ದರು, ತಂದೆ ಸಂಸ್ಕೃತ ಕಲಿಸುತ್ತಿದ್ದರು, ಇವರು ಬೀಜ ಹಂಚುತ್ತಿದ್ದರು. ಯಂತ್ರಗಳನ್ನೆಲ್ಲ ನೋಡಿಕೊಳ್ಳುವವಳು ಉಮಾಶ್ರೀ. ಉಳಿದದ್ದನ್ನೆಲ್ಲ ನೋಡಿಕೊಳ್ಳುವವನು ಸಿಪಾಯಿ ಯಮನಪ್ಪ. ಅವನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಯಾವ ಊರಿನ ಯಾರ ಫೈಲು ಯಾವ ಕಪಾಟಿನ ಎಷ್ಟನೇ ಗಂಟಿನಲ್ಲಿದೆ ಎಂಬುದನ್ನು ಮೂವತ್ತು ವರ್ಷದಿಂದ ತಲೆಯಲ್ಲೇ ಇಟ್ಟುಕೊಂಡು ಬಂದಿದ್ದ. "ಚಚಡಿ ಸೋಮಪ್ಪ" ಎಂದರೆ ಸಾಕು, "ಮೂರನೇ ಕಪಾಟ, ನಲವತ್ತೇಳು" ಎನ್ನುತ್ತಿದ್ದ. ಚಹಾ ಸೋಸುತ್ತಿದ್ದರೆ ಸೋಸುತ್ತಲೇ ಹೇಳುತ್ತಿದ್ದ.

ಬೆಳಿಗ್ಗೆ ಹತ್ತೂವರೆಗೆ ಬೆಳಗಾವಿಯ ಮುಖ್ಯ ಕಚೇರಿಯಿಂದ ಫೋನು ಬಂದಿತ್ತು. ಯರಗಟ್ಟಿಯನ್ನು ಬೈಲಹೊಂಗಲದ ಕಚೇರಿಗೆ ಕೂಡಿಸಬೇಕೆಂಬ ಮಾತು ಒಂದು ವರ್ಷದಿಂದ ನಡೆದೇ ಇತ್ತು. ಈಗ ಶುಕ್ರವಾರದಿಂದ ಇಲ್ಲಿಯ ಒಂದು ಹೆಸರೂ ಬೆಳಗಾವಿಗೆ ಮುಟ್ಟಿರಲಿಲ್ಲ. "ಸಂಜಿ ನಾಕಕ್ಕ ನಾನ ಬಂದು ನೋಡತೀನಿ," ಎಂದಿದ್ದರು ಭರತ ಸಾಹೇಬರು. "ಐದೂ ಮಷಿನ್ ನಡದ್ರ ಛಲೋ. ಇಲ್ಲಂದ್ರ ಒಂದನೇ ತಾರೀಖಿನಿಂದ ನೀವೆಲ್ಲಾ ಬೈಲಹೊಂಗಲಕ್ಕ ಬಂದುಬಿಡ್ರಿ."

ದಿಗಂಬರರಾಯರಿಗೆ ಬೈಲಹೊಂಗಲದಲ್ಲಿ ಮಗಳ ಮನೆ ಇತ್ತು. ಯಮನಪ್ಪನಿಗೆ ಸೇವೆ ಉಳಿದದ್ದೇ ಐದು ತಿಂಗಳು. ಕಷ್ಟವಿದ್ದದ್ದು ಉಮಾಶ್ರೀಗೆ. ಅವಳ ಕೂಸಿಗೆ ಇನ್ನೂ ಹನ್ನೊಂದು ತಿಂಗಳು. ಕಚೇರಿಯಿಂದ ಮನೆಗೆ ನಡೆದರೆ ಹತ್ತು ನಿಮಿಷ. ಮಧ್ಯಾಹ್ನ ಹೋಗಿ ಕೂಸಿಗೆ ಹಾಲು ಕುಡಿಸಿ ಬರುತ್ತಿದ್ದಳು. ಬೈಲಹೊಂಗಲ ಎಂದರೆ ಹೋಗಲು ಒಂದು ತಾಸು, ಬರಲು ಒಂದು ತಾಸು, ಬಸ್ಸು ತಪ್ಪಿದರೆ ಇನ್ನೊಂದು ತಾಸು. "ಅಲ್ಲಿಗೆ ಹಾಕಿದ್ರ ನೌಕರಿ ಬಿಟ್ಟುಬಿಡವ್ವ, ಕೂಸು ದೊಡ್ಡದಾದ ಮ್ಯಾಲ ನೋಡೋಣು," ಎಂದು ಅತ್ತೆ ಸಿಟ್ಟಿಲ್ಲದೆಯೇ ಹೇಳಿದ್ದಳು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಉಮಾಶ್ರೀಗೆ ಅದು ಹೆಚ್ಚು ಚುಚ್ಚಿತ್ತು.

ಅವಳು ಕುರ್ಚಿ ಎಳೆದುಕೊಂಡು ಸೆಟ್ಟಿಂಗು ತೆಗೆದಳು. ಹೊರಗಿನ ಒಂದು ಯಂತ್ರದ ನಂಬರು ಹಾಕಿ ಕೇಳಿದರೆ ತಟ್ಟನೆ ಉತ್ತರ ಬಂತು. ಅದನ್ನೇ ಹೆಸರು ಹಾಕಿ ಕೇಳಿದರೆ ಯಾರೆಂದು ಗೊತ್ತಿಲ್ಲ ಎಂದಿತು. ಎರಡು ಸಲ, ಮೂರು ಸಲ ಕೇಳಿದಳು. ಹಾಗೆಯೇ ಹೇಳಿತು.

"ಸಿಕ್ತು," ಎಂದಳು. "ನೆಟ್ ಐತಿ. ಹೆಸರ ಹೇಳಿದ್ರ ನಂಬರ್ ಹೇಳಾಂವ ಸತ್ತಾನ."

"ಯಾರವಾ ಅಂವ?" ಎಂದು ದಿಗಂಬರರಾಯರು ಗಾಬರಿಯಿಂದ ಕನ್ನಡಕ ತೆಗೆದರು.

"ಮನಷ್ಯಾ ಅಲ್ರೀ ಸರ್. ಕಂಪ್ಯೂಟರಿಗೆ ಹೆಸರ ತಿಳಿಯೂದಿಲ್ಲ, ನಂಬರ್ ಅಷ್ಟ ತಿಳೀತೈತಿ. ನಾವು ಹೆಸರ ಬರೀತೇವಿ. ಅದು ಇನ್ನೊಂದ ಕಂಪ್ಯೂಟರಿಗೆ ಹೋಗಿ, ಈ ಹೆಸರಿನಾಂವನ ನಂಬರ್ ಎಷ್ಟಪಾ ಅಂತ ಕೇಳತೈತಿ. ಅದಕ್ಕ ಡಿಎನ್ಎಸ್ ಅಂತಾರ. ನಮ್ಮ ಯಮನಪ್ಪ ಕಾಕಾ ಫೈಲಿನ ನಂಬರ್ ಹೇಳತಾರಲ್ಲ, ಹಂಗ."

"ಅಂದ್ರ ಯಮನಪ್ಪ ರಜಾ ಹಾಕ್ಯಾನ ಅನ್ನು," ಎಂದಳು ಬಾಯವ್ವ.

"ನಾ ಇಲ್ಲೇ ಅದೇನೆವ್ವ," ಎಂದು ಯಮನಪ್ಪ ಅವಳ ಮುಂದೆ ಚಹಾದ ಕಪ್ಪು ಇಟ್ಟ.

ಐದೂ ಯಂತ್ರಗಳಲ್ಲಿ ಡಿಎನ್ಎಸ್ ಎಂದು ಬರೆದಲ್ಲಿ ಯಾರೋ ಹಿಂದೆ ಕೈಯಾರೆ ಒಂದೇ ನಂಬರು ತುಂಬಿದ್ದರು. ಅದು ಐದರಲ್ಲಿ ಮುಗಿಯುತ್ತಿತ್ತು. ಎಷ್ಟು ಕರೆದರೂ ಆ ಐದು ಓ ಎನ್ನಲಿಲ್ಲ. ಉಮಾಶ್ರೀ ಅದನ್ನು ಅಳಿಸಿ, ಲೋಕದವರೆಲ್ಲ ಬಳಸುವ ನಾಲ್ಕು ಎಂಟುಗಳ ನಂಬರು ಬರೆದಳು. ಮೊದಲು ದಿಗಂಬರರಾಯರ ಯಂತ್ರ. ಒಂದು ಕ್ಷಣ ಪರದೆಯ ಮೇಲೆ ಗೋಲ ತಿರುಗಿತು. ಆಮೇಲೆ ಅವರು ಹಬ್ಬದ ಮುಂಚೆ ತೆರೆದಿಟ್ಟಿದ್ದ ಪಂಚಾಂಗದ ಪುಟ ಬಣ್ಣಬಣ್ಣವಾಗಿ ಬಿಚ್ಚಿಕೊಂಡಿತು.

"ಬಂತು ನೋಡ್ರಿ," ಎಂದು ರಾಯರು ಹಿಗ್ಗಿದರು. "ನಾಳೆ ಶೀಗಿ ಹುಣ್ಣಿಮಿ ಅಂತ ಸೈತ ಬರದದ. ನಮ್ಮ ಅಜ್ಜ ಇದ್ದಿದ್ರ ಒಂದ ತಪ್ಪರೆ ತಗೀತಿದ್ದ."

ಆದರೆ ಸಂಘದ ಸ್ವಂತ ಪುಟ, ಬಾಯವ್ವನ ಹೆಸರು ಹತ್ತಬೇಕಾದದ್ದು, ತೆರೆಯಲೇ ಇಲ್ಲ. ಹೊರಗಿನ ನಾಲ್ಕು ಎಂಟಿಗೆ ಲೋಕದ ಹೆಸರುಗಳೆಲ್ಲ ಗೊತ್ತಿದ್ದವು, ಸಂಘದ ಒಳಗಿನ ಹೆಸರು ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಆ ಐದಕ್ಕೆ ಒಂದಕ್ಕೇ. ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು. ಆ ದಿನ ಅವಳು ಮನೆಗೆ ಹೋಗಿ ಬಂದಿರಲಿಲ್ಲ.

ಇದನ್ನೆಲ್ಲ ಆರು ವರ್ಷದ ಹಿಂದೆ ಜೋಡಿಸಿದವನು ಅನಿಕೇತ. ಈಗ ಕಿತ್ತೂರಿನಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದ. ಅವನ ಹಳೆಯ ನಂಬರನ್ನೂ ಯಮನಪ್ಪನೇ ಬಾಯಲ್ಲಿ ಹೇಳಿದ. ಫೋನಿನಲ್ಲಿ ಪೈಪು ಕೊಯ್ಯುವ ಸಪ್ಪಳ ಕೇಳಿಸುತ್ತಿತ್ತು.

"ಐದನೇ ನಂಬರಾ?" ಎಂದ ಅನಿಕೇತ. "ಅದು ನಿಮ್ಮಲ್ಲೇ ಅದರೀ. ಸಾಮಾನಿನ ಖೋಲ್ಯಾಗ ಟೇಬಲ್ ಕೆಳಗ ಒಂದು ಕರೀ ಡಬ್ಬಿ ಇಟ್ಟಿದ್ದೆ. ಸ್ಕ್ರೀನಿಲ್ಲ, ಕೀಬೋರ್ಡಿಲ್ಲ. ಬೆಳಗಾವಿ ನಂಬರ್ ಆಗಾಗ ಬದಲಾಗತದ, ಆ ಡಬ್ಬಿ ಅದನ್ನ ತಿಳಕೊಂಡು ನಿಮಗ ಹೇಳತಿರತದ. ಅದನ್ನೊಂದ ಬಂದ್ ಮಾಡಬ್ಯಾಡ್ರಿ ಅಂತ ಆಗಿನ ಕ್ಲಾರ್ಕಗ ಹೇಳಿದ್ದೆ."

ಆಗಿನ ಕ್ಲಾರ್ಕು ರಾಮದುರ್ಗಕ್ಕೆ ವರ್ಗವಾಗಿ ನಾಲ್ಕು ವರ್ಷವಾಗಿತ್ತು.

ಸಾಮಾನಿನ ಕೋಣೆಯಲ್ಲಿ ಮೇಜಿನ ಕೆಳಗೆ ಡಬ್ಬಿ ಇರಲಿಲ್ಲ. ಅದು ಇದ್ದ ಜಾಗ ಮಾತ್ರ ಧೂಳಿಲ್ಲದ ಚೌಕವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ವಾಯರಿನ ತುದಿ ಬಿದ್ದಿತ್ತು. ಉಮಾಶ್ರೀ ಅಲ್ಲೇ ಬೀಜದ ಚೀಲದ ಮೇಲೆ ಕುಳಿತುಬಿಟ್ಟಳು.

"ಕಳುವಾತೇನವಾ?" ಎಂದರು ದಿಗಂಬರರಾಯರು ಬಾಗಿಲಲ್ಲಿ ನಿಂತು.

ಅವರ ಹಿಂದೆ ಯಮನಪ್ಪ ನಿಂತಿದ್ದ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಒಮ್ಮೆ ಹಿಂಡಿದ. ಟವೆಲು ಒಣಗಿಯೇ ಇತ್ತು.

"ಕಳುವಾಗಿಲ್ಲವ್ವ," ಎಂದ. "ಅದನ್ನ ನಾ ತಗದೇನಿ."

"ನೀವಾ?"

"ಖಂಡೇ ಪೂಜಿ ದಿನಾ. ಆರ್ ವರ್ಷದಿಂದ ಕಸಾ ಹೊಡಿವಾಗ ಅದನ್ನ ಮುಟ್ಟಿ ನೋಡತಿದ್ದೆ. ಯಾವತ್ತೂ ಬೆಚ್ಚಗಿರತಿತ್ತು. ಬೆಚ್ಚಗಿದ್ದದ್ದು ದುಡಿಯಾಕತ್ತಿರತೈತಿ, ಅಷ್ಟ ನನಗ ತಿಳೀತಿತ್ತು. ನಿಮ್ಮ ಐದೂ ಮಷಿನ್ನಿಗೆ ವರ್ಷಾ ಕುಂಕುಮ ಹಚ್ಚತೀರಿ, ಹೂವ ಏರಸತೀರಿ, ಆ ದಿನ ಆರಾಮ ಕೊಡತೀರಿ. ಇದಕ್ಕ ಒಂದ ದಿನಾನೂ ಯಾರೂ ಆರಾಮ ಕೊಡಲಿಲ್ಲ. ಹಬ್ಬದಾಗಾದ್ರೂ ಒಂದಿಷ್ಟು ದಣಿವಾರಿಸಿಕೊಳ್ಳಲಿ ಅಂತ ವಾಯರ್ ತಗದು, ಹಸೀ ಅರಿವಿಲೆ ಒರಸಿ, ಪೂಜಿ ಕಟ್ಟಿ ಮ್ಯಾಲೆ ಕುಂಡ್ರಿಸಿದೆ." ಅವನು ತಲೆ ತಗ್ಗಿಸಿದ. "ಅಷ್ಟು ದೊಡ್ಡ ಕೆಲಸ ಅದರದು ಅಂತ ಗೊತ್ತಿರಲಿಲ್ಲವ್ವ."

ಎಲ್ಲರೂ ದೊಡ್ಡ ಕೋಣೆಗೆ ಬಂದರು. ಮೂಲೆಯ ಪೂಜೆಯ ಕಟ್ಟೆಯ ಮೇಲೆ ಹಳೆಯ ಟೈಪ್ ರೈಟರಿಗೂ ಕಾಳು ಅಳೆಯುವ ಹಿತ್ತಾಳೆಯ ಸೇರಿಗೂ ನಡುವೆ, ಚೆಂಡು ಹೂವಿನ ರಾಶಿಯಲ್ಲಿ ಹೂತುಕೊಂಡು ಆ ಡಬ್ಬಿ ಕುಳಿತಿತ್ತು. ಮೈಮೇಲೆ ಮೂರು ಬೆರಳಿನ ವಿಭೂತಿ. ಶುಕ್ರವಾರದಿಂದ ಇಂಟರ್ನೆಟ್ ಬರಲೆಂದು ದಿಗಂಬರರಾಯರು ದಿನಾ ಬೆಳಿಗ್ಗೆ ಊದಿನಕಡ್ಡಿ ಬೆಳಗುತ್ತಿದ್ದದ್ದು ಅದಕ್ಕೇ.

ಉಮಾಶ್ರೀಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅವಳ ನಗು ನೋಡಿ ಬಾಯವ್ವನೂ ಬಾಯಿಗೆ ಸೆರಗು ಹಿಡಿದಳು. ಯಮನಪ್ಪ ಮಾತ್ರ ನಗಲಿಲ್ಲ.

"ತಗೊಂಡ ಬರತೇನ್ರಿ ಸರ್," ಎಂದು ಉಮಾಶ್ರೀ ಕೈ ಚಾಚಿದಳು.

"ತಡೀವಾ," ಎಂದರು ರಾಯರು. ಕಟ್ಟೆಗೆ ಏರಿಸಿದ್ದನ್ನು ಶೀಗಿ ಹುಣ್ಣಿಮೆಯ ಪೂಜೆಯಾಗುವ ತನಕ ಇಳಿಸಬಾರದೆಂಬುದು ಕಚೇರಿ ಶುರುವಾದಾಗಿನಿಂದ ನಡೆದು ಬಂದ ರೂಢಿ. ಅದನ್ನು ಹಾಕಿಕೊಟ್ಟವರು ಅವರ ತಂದೆಯೇ. "ನಾಳೆ ಒಂದ ದಿನದ ಮಾತು. ಆದ್ರ ಸಾಹೇಬರು ಇವತ್ತ ಬರಲಿಕ್ಕತ್ತಾರ."

ಅವರು ಕಟ್ಟೆಯನ್ನೂ ಗಡಿಯಾರವನ್ನೂ ಉಮಾಶ್ರೀಯ ಮುಖವನ್ನೂ ನೋಡಿದರು. ಮೂರು ಗಂಟೆ ದಾಟಿತ್ತು.

"ರಾಯರ, ಎತ್ತಿಗೆ ಪೂಜಿ ಮಾಡಿದ ಮರುದಿನ ನಾವು ಹೂಡೂದಿಲ್ಲೇನ್ರಿ?" ಎಂದಳು ಬಾಯವ್ವ. "ಕೋಡಿಗೆ ಹಚ್ಚಿದ ಬಣ್ಣಾ ಹಂಗ ಇರತೈತಿ, ಹೊಲಾನೂ ಉಳತಾವು. ದೇವರಿಗೆ ಸಿಟ್ಟ ಬಂದದ್ದು ನಾ ನೋಡಿಲ್ಲ."

ರಾಯರು ಕಟ್ಟೆಗೆ ಕೈ ಮುಗಿದು ತಲೆ ಬಾಗಿಸಿದರು. ಅಜ್ಜ, ತಂದೆ ಇಬ್ಬರನ್ನೂ ಕೇಳಿ ಬಂದವರ ಹಾಗೆ ಕೊನೆಗೆ ತಲೆ ಎತ್ತಿದರು. "ಇಳಸಬಾರದು ಅಂತ ಅದ. ವಾಯರ್ ಏರಸಬಾರದು ಅಂತ ಎಲ್ಲೂ ಇಲ್ಲ. ಕೂತಲ್ಲೇ ದುಡೀಲಿ."

ಆಮೇಲೆ ಓಡಾಟವೇ ಓಡಾಟ. ಯಮನಪ್ಪ ಪಕ್ಕದ ಅಂಗಡಿಯಿಂದ ಉದ್ದನೆಯ ವಾಯರು ತಂದ. ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ ಉಮಾಶ್ರೀ ಹೂವು ಸರಿಸಿ ಡಬ್ಬಿಯ ಬೆನ್ನು ಹುಡುಕಿದಳು. ಕರೆಂಟಿನ ವಾಯರು ಸಿಕ್ಕಿಸಿದೊಡನೆ ಡಬ್ಬಿ ಸಣ್ಣಗೆ ಗುಂಯ್ ಎಂದಿತು, ನೆಟ್ಟಿನ ವಾಯರು ಮಾತ್ರ ಕೂರಲಿಲ್ಲ. ಅದರ ತೂತಿನಲ್ಲಿ ಒಣಗಿದ ಕುಂಕುಮ ಗಟ್ಟಿಯಾಗಿ ಕುಳಿತಿತ್ತು.

"ಸರೀವ್ವ," ಎಂದು ಯಮನಪ್ಪ ಕಡ್ಡಿಪೆಟ್ಟಿಗೆ ತೆಗೆದ. ಒಂದು ಕಡ್ಡಿಯ ತುದಿಗೆ ಅರಳೆ ಸುತ್ತಿ, ಕೂಸಿನ ಕಿವಿ ಸ್ವಚ್ಛ ಮಾಡುವವನ ಹಾಗೆ ಮೆಲ್ಲಗೆ, ಮೆಲ್ಲಗೆ ಕುಂಕುಮ ಬಿಡಿಸಿದ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ವಾಯರು ಟಕ್ ಎಂದು ಕೂತಿತು.

ಉಮಾಶ್ರೀ ಒಂದೊಂದೇ ಯಂತ್ರಕ್ಕೆ ಹೋಗಿ ನಾಲ್ಕು ಎಂಟುಗಳನ್ನು ಅಳಿಸಿ ಮತ್ತೆ ಐದನ್ನು ಬರೆದಳು. ನಾಲ್ಕು ಯಂತ್ರಗಳಾದವು. ಐದನೆಯದಕ್ಕೆ ಕುಳಿತಾಗ ಹೊರಗೆ ಜೀಪು ನಿಂತ ಸಪ್ಪಳವಾಯಿತು.

ಭರತ ಸಾಹೇಬರು ಉದ್ದನೆಯ ಮನುಷ್ಯ, ಮಾತು ಕಡಿಮೆ. ಮೊದಲು ನೋಡಿದ್ದು ಕಟ್ಟೆಯ ಮೇಲಿನ ವಾಯರನ್ನು. "ಇದೇನ್ರಿ ರಾಯರ?"

"ಅದು ಹೆಸರಿನ ನಂಬರ್ ಹೇಳೂದರೀ. ನಾಳೆ ತನಕ ಅದರ ಜಾಗಾ ಅಲ್ಲೇ."

"ಆರ್ ವರ್ಷ ರಜಾ ತಗೊಂಡಿರಲಿಲ್ರೀ ಸಾಹೇಬ್ರ," ಎಂದ ಯಮನಪ್ಪ ಗೋಡೆಗೆ ಆತು ನಿಂತು. "ನಾ ಕೊಟ್ಟಿದ್ದೆ. ತಪ್ಪ ನಂದರೀ, ಈ ಹುಡುಗೀದಲ್ಲ."

ಸಾಹೇಬರು ಅವನನ್ನು ಒಮ್ಮೆ ನೋಡಿದರು. ಬೂಟು ಬಿಚ್ಚಿಟ್ಟು ಕಟ್ಟೆಯ ಹತ್ತಿರ ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದರು. ಬಳಿಕ ಕುರ್ಚಿಗೆ ಬಂದು ಉಮಾಶ್ರೀಗೆ, "ಒಂದ ಹೆಸರ ಹಚ್ಚಿ ತೋರಸ್ರಿ," ಎಂದರು.

ಉಮಾಶ್ರೀ ಆ ಐದನೆಯ ಯಂತ್ರಕ್ಕೂ ನಂಬರು ತುಂಬಿ, ಸಂಘದ ಪುಟದ ಹೆಸರು ಬರೆದಳು. ಗೋಲ ತಿರುಗಿತು. ಬಾಯವ್ವ ಬೆಂಚಿನಿಂದ ಎದ್ದು ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಳು. ಇನ್ನೂ ತಿರುಗಿತು. ಆಮೇಲೆ ಪುಟ ತೆರೆಯಿತು.

"ಹೆಸರ ಹೇಳವ್ವ," ಎಂದಳು ಉಮಾಶ್ರೀ.

"ಎರಡ ಸಲ ಬಂದೇನಿ, ಇನ್ನೂ ಹೆಸರ ಕೇಳತೀಯಲ್ಲ," ಎಂದು ಬಾಯವ್ವ ಹೆಸರು, ಊರು, ಎಕರೆ ಎಲ್ಲ ಹೇಳಿದಳು. ಬೆಳಗಾವಿಯಿಂದ ಸೇರಿತೆಂಬ ಉತ್ತರ ಬಂತು. ಸಾಹೇಬರು ಉಳಿದ ನಾಲ್ಕು ಯಂತ್ರಗಳಲ್ಲೂ ಅದೇ ಪುಟ ತೆರೆಸಿ ನೋಡಿದರು. ಚೀಲದಿಂದ ಕಾಗದ ತೆಗೆದು ಎರಡು ಸಾಲು ಬರೆದು ಸಹಿ ಮಾಡಿ ರಾಯರ ಕೈಗೆ ಕೊಟ್ಟರು. ರಾಯರು ಓದಿ ಉಮಾಶ್ರೀಗೆ ದಾಟಿಸಿದರು. ಐದೂ ಯಂತ್ರ ಸರಿಯಾಗಿ ನಡೆಯುತ್ತಿವೆ, ಯರಗಟ್ಟಿ ಇದ್ದಲ್ಲಿಯೇ ಇರಲಿ ಎಂದು ಅದರಲ್ಲಿತ್ತು.

"ಬರೂ ವರ್ಷ ರಜಾ ಕೊಡೂದಿದ್ರ ಮೊದಲ ಈ ಉಮಾಶ್ರೀ ಬಾಯಾರನ್ನ ಕೇಳ್ರಿ," ಎಂದರು ಸಾಹೇಬರು ಯಮನಪ್ಪನಿಗೆ, ಬೂಟಿನ ಲೇಸು ಕಟ್ಟುತ್ತ.

"ಬರೂ ವರ್ಷ ನಾನ ಇರೂದಿಲ್ರೀ," ಎಂದ ಯಮನಪ್ಪ. "ಮುಂದ ಬರಾಂವಗ ಹೇಳಿ ಹೋಗತೇನ್ರಿ."

ಐದೂವರೆಗೆ ಉಮಾಶ್ರೀ ಹೊರಗೆ ಬಂದಾಗ ಕಚೇರಿಯ ಎದುರಿಗೇ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು, "ನೇಸರಗಿ, ಬೈಲಹೊಂಗಲ, ಬೈಲಹೊಂಗಲ," ಎಂದು ಕೂಗುತ್ತಿದ್ದ. ಅವಳನ್ನು ಕಂಡು, "ಬರತೀರೇನ್ರಿ ಅಕ್ಕಾರ, ಜಾಗಾ ಐತಿ," ಎಂದ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಸ್ಸು ಹೊರಟಿತು. ಅದು ಎಬ್ಬಿಸಿದ ಧೂಳು ಕೆಳಗಿಳಿಯುವ ತನಕ ಅವಳು ರಸ್ತೆಯ ಅಂಚಿನಲ್ಲಿ ನಿಂತಿದ್ದು, ಆಮೇಲೆ ದಾಟಿ ಮನೆಯ ಕಡೆಗೆ ದಾಪುಗಾಲು ಹಾಕಿದಳು.